ಹೊಗೆಸೊಪ್ಪು ಹಾಕಿದ ಮೇಲೆ ಅಪ್ಪ ಶಾಂತ ಆಗ್ತಾರೆ, ಹಾಗಾದ್ರೆ ಅದು ತಲೆಗೆ ಒಳ್ಳೆಯದಾ?

ನಿಮ್ಮ ತಂದೆ ಬೆಳಿಗ್ಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ತನಕ ಎಲ್ಲರ ಮೇಲೂ ರೇಗುತ್ತಾರೆ, ಹಾಕಿದ ಮೇಲೆ ಸರಿಹೋಗುತ್ತಾರೆ, ಬೀಡಿ ಸಿಗರೇಟಿನ ಹಾಗೆ ಹೊಗೆ ಬೇರೆ ಇಲ್ಲ, ಬಿಡಿಸಲೇಬೇಕಾ ಅಂತ ಕೇಳಿದ್ದೀರಿ. ಬಿಡಿಸಬೇಕು. ಆ ರೇಗಾಟ ತಂದಿದ್ದೇ ನಿಕೋಟಿನ್, ಅಂದರೆ ಹೊಗೆಸೊಪ್ಪಿನಲ್ಲಿರುವ ಚಟ ಹಿಡಿಸುವ ರಾಸಾಯನಿಕ.

ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧ ಆಗಿಬಿಡುತ್ತದೆ. ರಾತ್ರಿಯೆಲ್ಲ ಮಲಗಿ ಎದ್ದರೆ ಬಹುಪಾಲು ಖಾಲಿ. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ನಮ್ಮದೇ ರಾಸಾಯನಿಕ ಕೂರುವ ಜಾಗಗಳಿವೆ, ಅಲ್ಲಿ ನಿಕೋಟಿನ್ ಹೋಗಿ ಕೂತು ಡೋಪಮೈನ್ ಅನ್ನುವ ಇನ್ನೊಂದು ರಾಸಾಯನಿಕ ಬಿಡುಗಡೆ ಮಾಡಿಸುತ್ತದೆ, ಸ್ವಲ್ಪ ಹೊತ್ತು ಹಿತ ಅನಿಸುತ್ತದೆ, ಗಮನವೂ ಚುರುಕಾಗುತ್ತದೆ. ದಿನಾ ಹೀಗೇ ಆದರೆ ಆ ಜಾಗಗಳ ಸಂಖ್ಯೆಯೇ ಜಾಸ್ತಿ ಆಗುತ್ತದೆ. ಆಮೇಲೆ ಅವು ಖಾಲಿ ಇದ್ದಾಗೆಲ್ಲ ಸಿಟ್ಟು, ಚಡಪಡಿಕೆ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ನಿಮ್ಮ ತಂದೆಗೆ ಸಿಗುವ ಶಾಂತಿ ಅಂದರೆ ಹೆಚ್ಚಾಗಿ ಈ ಚಡಪಡಿಕೆ ನಿಲ್ಲುವುದು, ಅಷ್ಟೇ. ಸೊಪ್ಪು ಹಾಕದವರು ಬೆಳಿಗ್ಗೆ ಎದ್ದಾಗಲೇ ಶಾಂತವಾಗಿರುತ್ತಾರೆ ಅಲ್ವಾ?

ಮೈ ಇದಕ್ಕೆ ಎಷ್ಟು ಒಗ್ಗಿಹೋಗುತ್ತದೆ ಅನ್ನುವುದನ್ನು ನಾನು ಹೊಲದಲ್ಲೇ ನೋಡಿದ್ದೇನೆ. ನಮ್ಮದು ಹುಣಸೂರು ಕಡೆ, ಹೊಗೆಸೊಪ್ಪು ಬೆಳೆಯುವ ಮನೆ. ಮಳೆಗಾಲದಲ್ಲಿ ಒದ್ದೆ ಸೊಪ್ಪು ಮುರಿದು ಕಂಕುಳಲ್ಲಿ ಹೊತ್ತು ತಂದರೆ ಅದರ ನಿಕೋಟಿನ್ ನೀರಿನ ಜೊತೆ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ತಲೆಸುತ್ತು, ವಾಂತಿ, ಬೆವರು. ಜನ್ಮದಲ್ಲಿ ತಂಬಾಕು ಬಾಯಿಗೆ ಹಾಕದ ಹೆಣ್ಣುಮಕ್ಕಳು ಬದುವಿನ ಮೇಲೆ ಕೂತುಬಿಡುತ್ತಿದ್ದರು, ದಿನಾ ಸೊಪ್ಪು ಹಾಕುವ ಗಂಡಸರಿಗೆ ಅಷ್ಟಾಗಿ ಏನೂ ಆಗುತ್ತಿರಲಿಲ್ಲ. ಅದು ಗಟ್ಟಿತನ ಅಲ್ಲ, ಅವರ ಮೈಗೆ ಆ ವಿಷ ಮೊದಲೇ ರೂಢಿಯಾಗಿತ್ತು.

ಹೊಗೆ ಇಲ್ಲ ಅನ್ನುವ ಮಾತಿಗೆ ಬರೋಣ. ಹೊಗೆಸೊಪ್ಪಿಗೆ ಸುಣ್ಣ ತಿಕ್ಕುತ್ತಾರಲ್ಲ, ಆ ಸುಣ್ಣದಿಂದ ನಿಕೋಟಿನ್ ಕೆನ್ನೆಯ ಒಳಗಿನ ತೆಳು ಚರ್ಮ ದಾಟಿ ಬೇಗ ರಕ್ತಕ್ಕೆ ಇಳಿಯುತ್ತದೆ, ಮತ್ತೆ ಸಿಗರೇಟಿನದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇರುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಹೆಚ್ಚುತ್ತದೆ. ಅಂದರೆ ಮನಸ್ಸು ಶಾಂತ ಅನ್ನುವ ಹೊತ್ತಿನಲ್ಲೇ ಹೃದಯ ಜಾಸ್ತಿ ದುಡಿಯುತ್ತಿರುತ್ತದೆ. ಬಾಯಿ ಕ್ಯಾನ್ಸರ್ ತರುವುದು ಮುಖ್ಯವಾಗಿ ತಂಬಾಕಿನಲ್ಲಿರುವ ನೈಟ್ರೊಸಮೈನ್ ಅನ್ನುವ ರಾಸಾಯನಿಕಗಳು, ಜೊತೆಗೆ ಅಡಿಕೆಯೂ ಸೇರುತ್ತದೆ. ನಿಕೋಟಿನ್ ಮಾಡುವುದು ಏನು ಅಂದರೆ, ಮತ್ತೆ ಮತ್ತೆ ಅವನ್ನು ಬಾಯಿಗೆ ಹಾಕಿಸುವುದು.

ಬಿಡುವಾಗ ಮೊದಲ 3 ದಿನ ತುಂಬಾ ಕಷ್ಟ, ನಂತರ 2ರಿಂದ 4 ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಅವರು ಕೂಗಾಡಿದರೆ ಎದುರು ವಾದಿಸಬೇಡಿ, ದಯವಿಟ್ಟು. ನಿಕೋಟಿನ್ ಗಮ್ 2 ಮಿಲಿಗ್ರಾಮಿನದು ಸಿಗುತ್ತದೆ, ಸುಮ್ನೆ ಚೂಯಿಂಗ್ ಗಮ್ ತರಹ ಅಗಿಯಬಾರದು, ನಿಧಾನ ಅಗಿದು, ಖಾರ ಅನಿಸಿದ ತಕ್ಷಣ ಕೆನ್ನೆ ಪಕ್ಕ ಇಟ್ಟುಕೊಳ್ಳಬೇಕು. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದರೆ ಬಿಡಿಸುವ ಸಲಹೆ ಉಚಿತವಾಗಿ ಕೊಡುತ್ತಾರೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, 2 ವಾರ ಕಳೆದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಇವುಗಳಲ್ಲಿ ಒಂದು ಕಂಡರೂ ಅವರು ಬಿಡುವ ತನಕ ಕಾಯದೆ ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ.