ಕಂಕುಳ ಸುಕ್ಕಿಗೆ ಅಂಗಿಯನ್ನು ಬೈಯಬೇಡಿ

ಪ್ರಶ್ನೆ: ನನ್ನ ಅಳತೆಯ ಕುರ್ತಾ ಪ್ಯಾಟರ್ನ್ ಇಟ್ಟುಕೊಂಡು ಹಾನ್‌ಫು (ಚೀನಾದ ಹಾನ್ ಜನರ ಸಾಂಪ್ರದಾಯಿಕ ಉಡುಪು) ಮೇಲಂಗಿ ಹೊಲಿದೆ. ಕೊರಳ ಪಟ್ಟಿ ಎದ್ದು ನಿಲ್ಲುತ್ತದೆ. ಕಂಕುಳ ಹತ್ತಿರ ಬಟ್ಟೆ ಮುದ್ದೆಯಾಗುತ್ತದೆ. ಎಲ್ಲಿ ಎಷ್ಟು ಹಿಡಿಸಲಿ?

ಎಲ್ಲೂ ಹಿಡಿಸಬೇಡಿ, ಬಿಚ್ಚಿ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಕುರ್ತಾಗೆ ಭುಜದ ಇಳಿಜಾರು ಇರುತ್ತದೆ, ತೋಳು ಕೂರಿಸಲು ಕೊರೆದ ಆರ್ಮ್‌ಹೋಲ್ ಇರುತ್ತದೆ. ಹಾನ್‌ಫುಗೆ ಎರಡೂ ಇಲ್ಲ. ಭುಜದ ಮೇಲೆ ಹೊಲಿಗೆಯೇ ಬರುವುದಿಲ್ಲ. ಒಂದೇ ಬಟ್ಟೆ ಮುಂದಿನ ಅಂಚಿನಿಂದ ಮೇಲೇರಿ, ಭುಜ ದಾಟಿ, ಬೆನ್ನಿಗೆ ಇಳಿಯುತ್ತದೆ. ಅಂಥ ಎರಡು ಪಟ್ಟೆ ಬೆನ್ನಿನ ನಡುವೆ ಸೇರುತ್ತವೆ. ಹಾನ್ ಅರಸರ ಕಾಲದ, ಅಂದರೆ ಸುಮಾರು ಎರಡು ಸಾವಿರ ವರ್ಷ ಹಿಂದಿನ, ಬಟ್ಟೆಯ ಪನ್ನ ಸುಮಾರು 50 ಸೆಂ.ಮೀ. ಅಷ್ಟೆ, ಬೆನ್ನಿನ ಹೊಲಿಗೆ ಬೇಕಾದದ್ದು ಅದಕ್ಕೇ. ನಿಮ್ಮ 44 ಇಂಚು ಪನ್ನವನ್ನು ಉದ್ದಕ್ಕೆ ಎರಡು ಸೀಳಿದರೆ ಹೆಚ್ಚುಕಡಿಮೆ ಅದೇ ಅಗಲ. 70 ಸೆಂ.ಮೀ. ಉದ್ದದ ಅಂಗಿಯ ಮೈಭಾಗಕ್ಕೆ ಒಂದೂವರೆ ಮೀಟರ್ ಸಾಕು. ತೋಳು, ಎದೆ ಮೇಲೆ ಹಾಯುವ ತುಂಡು ಬೇರೆ. ತೋಳಿನ ಜೋಡಣೆ ಮೊಣಕೈ ಹತ್ತಿರ ಬರುತ್ತದೆ. ಗಾಬರಿಯಾಗಬೇಡಿ, ಅದರ ಜಾಗವೇ ಅದು.

ಹೊಲಿದದ್ದನ್ನು ನೆಲದ ಮೇಲೆ ಹರಡಿ. ಕೈ ಚಾಚಿದ ಬೆರ್ಚಪ್ಪನ ಹಾಗೆ ಮಟ್ಟಸವಾಗಿ ಮಲಗಬೇಕು. ತೊಟ್ಟು ಕೈ ಇಳಿಸಿದಾಗ ಕೊರಳಿಂದ ಕಂಕುಳಿಗೆ ಓರೆ ಮಡಿಕೆ ಬಿದ್ದೇ ಬೀಳುತ್ತದೆ. ಅದನ್ನು ಹಿಡಿಸಿದರೆ ಕೈ ಎತ್ತಲಾಗುವುದಿಲ್ಲ. ‘ಅರ್ಧ ಗಂಟೆಯಲ್ಲಿ ಹಾನ್‌ಫು’ ಅಂತ ವಿಡಿಯೊ ಮಾಡುವ ಮಹಾಶಯರು ಇಲ್ಲೇ ಬಟ್ಟೆ ಮಡಚಿ ಹಿಡಿಸುವ ಡಾರ್ಟ್ ಹಾಕಿಸುತ್ತಾರೆ, ಬೆನ್ನಿಗೆ ಜಿಪ್ ಬೇರೆ. ಅವರನ್ನು ನಂಬಿ ಬಟ್ಟೆ ಹಾಳುಮಾಡಿಕೊಂಡವರು ನನ್ನ ಹತ್ತಿರ ಬರುತ್ತಾರೆ.

ತೋಳಿಗೆ ಭುಜದಿಂದ ಟೇಪ್ ಹಿಡಿಯಬೇಡಿ. ಒಂದು ತೋಳಿನ ತುದಿಯಿಂದ ಕತ್ತಿನ ಹಿಂದೆ ಹಾಯ್ದು ಇನ್ನೊಂದರ ತುದಿಯವರೆಗೆ ಒಂದೇ ಅಳತೆ. 1972ರಲ್ಲಿ ಚೀನಾದ ಚಾಂಗ್ಶಾ ಊರಿನ ಮಾವಾಂಗ್‌ದುಯಿಯಲ್ಲಿ ಹಾನ್ ಕಾಲದ ಹೆಂಗಸೊಬ್ಬಳ ಸಮಾಧಿ ಅಗೆದಾಗ ಸಿಕ್ಕ ತೆಳು ರೇಷ್ಮೆ ನಿಲುವಂಗಿಯಲ್ಲಿ ಇದು ಸುಮಾರು 190 ಸೆಂ.ಮೀ. ಆ ಹೆಂಗಸಿನ ಎತ್ತರ ಸುಮಾರು 154. ಇಡೀ ಅಂಗಿಯ ತೂಕ 49 ಗ್ರಾಂ! ಉದ್ದ ತೋಳು ಅಂದರೆ ಹೊರೆ ಅನ್ನುವವರು ಇದನ್ನು ನೆನಪಿಡಿ.

ಇನ್ನು ಎದ್ದು ನಿಲ್ಲುವ ಪಟ್ಟಿ. ಎದೆಯ ಅಂಚು ಓರೆಯಾಗಿ ಕತ್ತರಿಸಿದ್ದು, ಮೆಷಿನ್ ಕೆಳಗೆ ಹಿಗ್ಗುತ್ತದೆ. ನನ್ನ ಮೊದಲ ಅಂಗಿಯಲ್ಲಿ ಅಂಚು ಪಟ್ಟಿಗಿಂತ ಮೂರು ಬೆರಳು ಉದ್ದವಾಗಿತ್ತು. ಅವಸರ ಮಾಡಿದ್ದು ನಾನೇ. ಪಟ್ಟಿಯನ್ನು ಹಾಸಿನ ಎಳೆಗುಂಟ ನೇರ ಕತ್ತರಿಸಿ, ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ.

ಪ್ರಶ್ನೆ: ಯಾವ ಮಗ್ಗುಲು ಮೇಲೆ?

ನಿಮ್ಮ ಎಡದ್ದು ಮೇಲೆ, ಬಲದ್ದು ಒಳಗೆ. ತಿರುಗಾಮುರುಗಾ ಮಾಡುವುದು ಹೆಣಕ್ಕೆ. ಸೆಲ್ಫಿ ನೋಡಿ ಗಾಬರಿಯಾಗಿ ನನಗೆ ಬರೆಯಬೇಡಿ, ಎಡಬಲ ಮಾಡಿದ್ದು ಫೋನು.

ಪ್ರಶ್ನೆ: ಮೈಗಂಟುವ ಚೀನೀ ನಿಲುವಂಗಿ ಚೀಪಾವೊ ಕೂಡ ಹಾನ್‌ಫು ತಾನೇ?

ಅಲ್ಲ. ಅದು 1920-30ರ ದಶಕಗಳಲ್ಲಿ ಶಾಂಘೈನಲ್ಲಿ ಮೆರೆದ ಫ್ಯಾಷನ್.

ಪ್ರಶ್ನೆ: ‘ಕುದುರೆ ಮುಖ’ದ ಲಂಗಕ್ಕೆ ಸುತ್ತಲೂ ನೆರಿಗೆ ಹಾಕಲಾ?

ಪಕ್ಕಗಳಿಗೆ ಮಾತ್ರ. ಹಿಂದೆ ಮುಂದೆ ಮಟ್ಟಸ. ಎರಡು ತುಂಡು, ಮಟ್ಟಸ ಭಾಗದಲ್ಲಿ ಒಂದರ ಮೇಲೊಂದು, ಒಂದೇ ಸೊಂಟಪಟ್ಟಿ. ತುಂಡುಗಳ ಅಂಚು ಸೇರಿಸಿ ಹೊಲಿದರೆ ಸ್ಕೂಲ್ ಸ್ಕರ್ಟ್ ಆಗುತ್ತದೆ.

ಪ್ರಶ್ನೆ: ಮುಡಿಗೆ ಚಾಪ್‌ಸ್ಟಿಕ್?

ಅದು ಊಟಕ್ಕೆ.

ಪ್ರಶ್ನೆ: ರೇಷ್ಮೆಯೇ ಆಗಬೇಕಾ?

ಯಾರು ಹೇಳಿದ್ದು? ಅಲ್ಲಿನ ಜನಸಾಮಾನ್ಯರು ತೊಟ್ಟಿದ್ದು ನಾರಿನ ಬಟ್ಟೆ, ಆಮೇಲೆ ಹತ್ತಿ. ಮೊದಲ ಅಂಗಿಗೆ ಸಾದಾ ಹತ್ತಿ ತನ್ನಿ. ಒಗೆದು ಒಣಗಿಸಿ, ಆಮೇಲೆ ಕತ್ತರಿ ಹಿಡಿಯಿರಿ.