ಲಾರಿ ದಾಟಿದ ಮೇಲೆ ಕಾಣುವ ಬಲ್ಬು

ಪ್ರಶ್ನೆ: ಸರ್, ನನ್ನದು ಸೇಡಂ. ಕಲಬುರಗಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಗಾಮಾ ಕಿರಣ ಸ್ಫೋಟದ ಜೊತೆ ಸೂಪರ್‌ನೋವಾ (ನಕ್ಷತ್ರ ಸಿಡಿದು ಬೆಳಗುವುದು) ಕೂಡ ಆಗುತ್ತದೆ ಎಂದು ಓದಿದೆ. ಗಾಮಾ ಸ್ಫೋಟ ಸೆಕೆಂಡುಗಳಲ್ಲೇ ಮುಗಿಯುತ್ತದಂತೆ. ಹಾಗಾದರೆ ಸೂಪರ್‌ನೋವಾ ನೋಡುವುದು ಯಾವಾಗ? ಅಣ್ಣನ ಹತ್ತಿರ ಎಂಟು ಇಂಚಿನ ಟೆಲಿಸ್ಕೋಪ್, ಕ್ಯಾಮೆರಾ ಇವೆ. ನಮಗೆ ಸಿಗಬಹುದಾ?

ಉತ್ತರ: ಅವಸರ ಬೇಡ ತಂಗಿ. ಸೂಪರ್‌ನೋವಾ ಪೂರ್ತಿ ಬೆಳಗಲು ಎರಡು ವಾರ ಹಿಡಿಯುತ್ತದೆ, ಅಷ್ಟರೊಳಗೆ ಒಂದು ಪರೀಕ್ಷೆ ಬರೆದು ಬರಬಹುದು!

ಭಾರಿ ನಕ್ಷತ್ರದ ಒಡಲು ಕುಸಿದಾಗ ಕೆಲವೊಮ್ಮೆ ಎರಡು ಕಿರಿದಾದ ಜೆಟ್‌ಗಳು, ಅಂದರೆ ವಸ್ತುವಿನ ಧಾರೆಗಳು, ಚಿಮ್ಮುತ್ತವೆ. ಒಂದು ನೇರ ನಮ್ಮ ಕಡೆಗಿದ್ದರೆ ಗಾಮಾ ಸ್ಫೋಟ ಕಾಣುತ್ತದೆ. ಆ ಜೆಟ್ ಸುತ್ತಲಿನ ಅನಿಲಕ್ಕೆ ಬಡಿದಾಗ ಹೊಮ್ಮುವ ಬೆಳಕೇ ಆಫ್ಟರ್‌ಗ್ಲೋ. ರಾತ್ರಿ ಹುಮನಾಬಾದ್ ರಸ್ತೆಯಲ್ಲಿ ಎದುರಿಗೆ ಲಾರಿ ಬಂದರೆ ಹಿಂದಿನ ಧಾಬಾದ ಬಲ್ಬು ಕಾಣುತ್ತದಾ? ಲಾರಿ ದಾಟಬೇಕು. ಇಲ್ಲಿಯೂ ಆಫ್ಟರ್‌ಗ್ಲೋ ಮಂಕಾಗುವ ತನಕ ಸೂಪರ್‌ನೋವಾ ಅದರಲ್ಲೇ ಮುಳುಗಿರುತ್ತದೆ.

2003ರ ಮಾರ್ಚ್ 29ರ ಸ್ಫೋಟ ನನಗೆ ಬಲು ಇಷ್ಟದ್ದು. ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರ. ಆದರೂ ಮೊದಲ ಕೆಲವು ಗಂಟೆ ಆಫ್ಟರ್‌ಗ್ಲೋ ಹವ್ಯಾಸಿಗಳ ಕ್ಯಾಮೆರಾಗೂ ಸಿಕ್ಕಿತ್ತು. ದೊಡ್ಡ ಟೆಲಿಸ್ಕೋಪಿನವರು ರಾತ್ರಿ ರಾತ್ರಿ ಅದರ ರೋಹಿತ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ನಕ್ಷೆ) ತೆಗೆಯುತ್ತಾ ಹೋದರು. ಮೊದಮೊದಲು ಸಪಾಟು. ಒಂದು ವಾರ ಕಳೆದ ಮೇಲೆ ಅಗಲಗಲ ಉಬ್ಬುಗಳು ಎದ್ದವು, ಅದೇ ಸೂಪರ್‌ನೋವಾದ ಗುರುತು. ಜಲಜನಕದ ಗುರುತೇ ಇಲ್ಲ. ಉಬ್ಬು ಅಷ್ಟು ಅಗಲ ಏಕೆಂದರೆ, ಸಿಡಿದ ವಸ್ತು ಸೆಕೆಂಡಿಗೆ 20 ಸಾವಿರ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತಿತ್ತು. ಸೂಪರ್‌ನೋವಾ 2003ಡಿಎಚ್ ಎಂದು ಅದಕ್ಕೆ ಹೆಸರಾಯಿತು.

ರೋಹಿತ ಸಿಗದಷ್ಟು ಮಂಕಾಗಿದ್ದರೆ ಬರೀ ಹೊಳಪು ಅಳೆಯುತ್ತಾರೆ. ದಿನದಿನಕ್ಕೆ ಇಳಿಯುತ್ತಿದ್ದ ಗೆರೆ ಒಂದು ಕಡೆ ತಡೆದು ಡುಬ್ಬ ಹಾಕುತ್ತದೆ, ಬಣ್ಣ ಕೆಂಪಿಗೆ ತಿರುಗುತ್ತದೆ. ಕೊನೆಗೆ ಎಲ್ಲ ಆರಿದ ಮೇಲೆ ಅದೇ ಜಾಗದ ಚಿತ್ರ ಇನ್ನೊಮ್ಮೆ ತೆಗೆದು, ಅಲ್ಲಿನ ಗ್ಯಾಲಕ್ಸಿಯ ಬೆಳಕನ್ನು ಕಳೆಯಬೇಕು. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಇನ್ನು ನಿಮ್ಮ ಎಂಟು ಇಂಚು. 2003ಡಿಎಚ್ ತುಂಬಾ ಬೆಳಗಿದಾಗಲೂ ಹತ್ತಿರ ಹತ್ತಿರ 20ನೇ ಕಾಂತಿಮಾನ (ಹೊಳಪಿನ ಅಳತೆ; ಅಂಕಿ ದೊಡ್ಡದಾದಷ್ಟೂ ಮಂಕು). ಅದು ಆಗದ ಮಾತು. ಅದಕ್ಕೆ ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಟೆಲಿಸ್ಕೋಪಿನಂಥದ್ದೇ ಬೇಕು. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು, ಗೊತ್ತಾ?

ಆದರೆ 1998ರ ಏಪ್ರಿಲ್ 25ರ ಸ್ಫೋಟದ ಸೂಪರ್‌ನೋವಾ 1998ಬಿಡಬ್ಲ್ಯೂ ಸುಮಾರು 12 ಕೋಟಿ ಜ್ಯೋತಿರ್ವರ್ಷದಲ್ಲಿತ್ತು. ಮೇ ತಿಂಗಳಲ್ಲಿ 14ನೇ ಕಾಂತಿಮಾನದ ಆಸುಪಾಸು ಮುಟ್ಟಿತು. ಅದು ನಿಮ್ಮ ಕ್ಯಾಮೆರಾಗೆ ಸಿಗುತ್ತಿತ್ತು. ಆದರೆ ಕಲಬುರಗಿಯಿಂದ ನೋಡಿದರೆ ಅದು ಎಷ್ಟೇ ಮೇಲೇರಿದರೂ ದಕ್ಷಿಣ ದಿಗಂತದಿಂದ 20 ಡಿಗ್ರಿ ಅಷ್ಟೇ. ನನ್ನ ಮಾಳಿಗೆಯಲ್ಲಿ ಆ ದಿಕ್ಕಿಗೆ ಪಕ್ಕದ ಮನೆಯವರ ನೀರಿನ ಟ್ಯಾಂಕ್ ಇದೆ. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳ ಬೆಳಕು, ದೂಳು. ಅಣ್ಣನನ್ನು ಕರೆದುಕೊಂಡು ಚಿಂಚೋಳಿ ಕಾಡಿನ ಕಡೆ ಹೋಗುವುದು ಒಳ್ಳೆಯದು.

ಇಷ್ಟು ಹತ್ತಿರದ್ದು ಬಲು ಅಪರೂಪ. ಹೊಸ ಸ್ಫೋಟಗಳ ಸುದ್ದಿ ಕೊಡುವ ನಾಸಾದ ಜಿಸಿಎನ್ ಜಾಲದ ಎಚ್ಚರಿಕೆಗಳು ಇಮೇಲಿಗೆ ಪುಕ್ಕಟೆ ಬರುತ್ತವೆ, ಹಾಕಿಸಿಕೊಳ್ಳಿ. ಬಂದದ್ದಕ್ಕೆಲ್ಲ ನಿದ್ದೆಗೆಡಬೇಡಿ. ದೂರ ಎಷ್ಟೆಂದು ಯಾರಾದರೂ ಅಳೆದು ಹೇಳುವ ತನಕ ಸುಮ್ನೆ ಕಾಯಿರಿ. ಅಲ್ಲಿಯ ತನಕ ಗಾಮಾ ಸ್ಫೋಟವಿಲ್ಲದ, ಹತ್ತಿರದ ಮಾಮೂಲಿ ಸೂಪರ್‌ನೋವಾಗಳ ಹೊಳಪು ಅಳೆದು ಕೈ ಪಳಗಿಸಿ.

ಪ್ರಶ್ನೆ: ಇಂಥ ಸ್ಫೋಟದಿಂದ ಭೂಮಿಗೆ ಏನಾದರೂ ಆಗಿದೆಯೇ? (ಯಾದಗಿರಿಯ ಓದುಗರು)

ಉತ್ತರ: ಆಗಿದೆ, ಆದರೆ ನಿಮಗೆ ಗೊತ್ತಾಗಿರುವುದಿಲ್ಲ. 2022ರ ಅಕ್ಟೋಬರ್ 9ರ ಸ್ಫೋಟ ಸುಮಾರು 200 ಕೋಟಿ ಜ್ಯೋತಿರ್ವರ್ಷ ಆಚೆಯಿಂದಲೇ ನಮ್ಮ ಅಯಾನುಗೋಳವನ್ನು (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಕದಡಿತ್ತು. ಅದು ಉಪಕರಣಗಳಿಗೆ ಮಾತ್ರ ಗೊತ್ತಾಯಿತು. ಇಷ್ಟೆಲ್ಲ ಅಬ್ಬರದ ಹಿಂದಿದ್ದ ಸೂಪರ್‌ನೋವಾವನ್ನು ಜೇಮ್ಸ್ ವೆಬ್ ಟೆಲಿಸ್ಕೋಪ್ ಸುಮಾರು ಆರು ತಿಂಗಳ ನಂತರ ನೋಡಿದರೆ, ಅದರ ಹೊಳಪು ತೀರಾ ಮಾಮೂಲಿಯಾಗಿತ್ತು.