ಟೋಕಿಯೋದ ಪುಟ್ಟ ಬಚ್ಚಲಿಗೆ ಒಗ್ಗಿಕೊಳ್ಳುವುದು ಹೇಗೆ?

ಮುಂದಿನ ತಿಂಗಳು ಕೆಲಸಕ್ಕೆಂದು ಬೆಂಗಳೂರಿನಿಂದ ಟೋಕಿಯೋಗೆ ಹೊರಟಿದ್ದೀರಿ. ಬಾಡಿಗೆ ಮನೆಯ ಚಿತ್ರದಲ್ಲಿ ಸ್ನಾನದ ತೊಟ್ಟಿ, ಬೇಸಿನ್, ಕಮೋಡ್ ಮೂರೂ ಒಂದೇ ಗೂಡಿನಂಥ ಕೋಣೆಯಲ್ಲಿರುವುದನ್ನು ಕಂಡು ಗಾಬರಿಯಾಗಿ, ಇದರಲ್ಲಿ ದಿನವೂ ಮೀಯುವುದು ಹೇಗೆ ಎಂದು ಕೇಳಿದ್ದೀರಿ. ಅಂಥದೇ ಕೋಣೆಯಲ್ಲಿ ನಾಲ್ಕು ವರ್ಷ ಸ್ನಾನ ಮಾಡಿ, ಈಗ ಬಸವನಗುಡಿಗೆ ಮರಳಿದವನು ನಾನು. ಖಂಡಿತ ಒಗ್ಗುತ್ತದೆ, ಧೈರ್ಯವಾಗಿ ಹೋಗಿ.

ಅಲ್ಲಿ ಇದನ್ನು ಯೂನಿಟ್ ಬಾತ್ ಎನ್ನುತ್ತಾರೆ. 1964ರ ಒಲಿಂಪಿಕ್ಸ್‌ಗೆ ಮುನ್ನ ಟೋಕಿಯೋದ ನ್ಯೂ ಒಟಾನಿ ಹೋಟೆಲನ್ನು ಅವಸರದಲ್ಲಿ ಕಟ್ಟಿ ಮುಗಿಸಬೇಕಾಗಿತ್ತು. ಆಗ ಟೋಟೋ ಕಂಪನಿ ಕಾರ್ಖಾನೆಯಲ್ಲೇ ಅಚ್ಚು ಹೊಯ್ದ ಬಚ್ಚಲುಗಳನ್ನು ತಯಾರಿಸಿ ಕೊಟ್ಟಿತು. ಚಿಕ್ಕ ಮನೆಗಳಲ್ಲಿ ಇಂದಿಗೂ ಕಾಣುವ 1014 ಎಂಬ ಅಳತೆಯೆಂದರೆ ಒಳಗೆ 1 ಮೀಟರ್ ಅಗಲ, 1.4 ಮೀಟರ್ ಉದ್ದ, ಅಷ್ಟೇ.

ನನಗೆ ಕಷ್ಟವಾದದ್ದು ಜಾಗದ ಕೊರತೆಯಲ್ಲ, ನೀರು. ನಮ್ಮ ಬಚ್ಚಲಲ್ಲಿ ನೆಲವೆಲ್ಲ ಒದ್ದೆಯಾದರೆ ಯಾರೂ ಕೇಳುವುದಿಲ್ಲ. ಅಲ್ಲಿ ಹಾಗಾದರೆ ಕಾಗದದ ಸುರುಳಿಯೂ ಕಮೋಡಿನ ಸೀಟೂ ತೊಯ್ದು, ರಾತ್ರಿ ಎದ್ದು ಹೋದರೆ ಕಾಲು ತಣ್ಣನೆಯ ನೀರಿಗೆ ಬೀಳುತ್ತದೆ. ತೊಟ್ಟಿಯೊಳಗೇ ನಿಂತು, ಪರದೆಯ ಅಂಚನ್ನು ತೊಟ್ಟಿಯ ಒಳಗೆ ಇಳಿಬಿಟ್ಟು ಸ್ನಾನ ಮಾಡಿ. ಷವರ್ ಸಾಲದು ಅನ್ನಿಸಿದರೆ ಒಂದು ಪುಟ್ಟ ಬಕೆಟ್ಟನ್ನೂ ಅಲ್ಲೇ ಇಟ್ಟುಕೊಳ್ಳಬಹುದು. ಹಿತ್ತಾಳೆ ಚೊಂಬು ಮಾತ್ರ ಬೇಡ, ಪ್ಲಾಸ್ಟಿಕ್ ತೊಟ್ಟಿಯ ಮೇಲೆ ಗೀರು ಬೀಳುತ್ತದೆ. ಮನೆ ಬಿಡುವಾಗ ಅದರ ಲೆಕ್ಕ ಕೇಳುತ್ತಾರೆ.

ಶೌಚಕ್ಕೆ ನೀರು ಬಳಸುವವರು ಮನೆ ಒಪ್ಪುವ ಮುನ್ನವೇ ಕಮೋಡಿನ ಬಳಿ ವಿದ್ಯುತ್ ಪ್ಲಗ್ ಇದೆಯೇ ಎಂದು ವಿಚಾರಿಸಬೇಕು. ಇದ್ದರೆ, ಮಾಲೀಕರ ಒಪ್ಪಿಗೆ ಪಡೆದು ನೀರು ಚಿಮ್ಮಿಸುವ ಸೀಟು ಹಾಕಿಸಬಹುದು. ಮೂರೂ ಒಂದೇ ಕಡೆ ಇರುವ ಹಳೆಯ ಕೋಣೆಗಳಲ್ಲಿ ಎಷ್ಟೋ ಕಡೆ ಪ್ಲಗ್ಗೇ ಇರುವುದಿಲ್ಲ. ನನ್ನದರಲ್ಲೂ ಇರಲಿಲ್ಲ, ನಾಲ್ಕು ವರ್ಷ ಮಗ್ಗಿನಲ್ಲೇ ಕಳೆಯಿತು.

ಎಣ್ಣೆಸ್ನಾನದ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮೊದಲ ವರ್ಷ ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಸೀಗೆಪುಡಿಯಲ್ಲಿ ತಲೆ ತೊಳೆದೆ. ಅರ್ಧ ಸ್ನಾನಕ್ಕೆ ನೀರು ಕಟ್ಟಿಕೊಂಡು ಪಾದ ಮುಳುಗಿತು. ತೂಬಿನಲ್ಲಿ ಕೂದಲು ಹಿಡಿಯಲು ಇಟ್ಟಿರುವ ಜಾಲರಿಯಲ್ಲಿ ಪುಡಿ ಗಸಿಯಂತೆ ಕುಳಿತಿತ್ತು. ತೊಟ್ಟಿಯ ತಳವೂ ಎಣ್ಣೆಗೆ ವಿಪರೀತ ಜಾರುತ್ತಿತ್ತು. ಮುಂದಿನ ವರ್ಷಗಳಲ್ಲಿ ರಬ್ಬರ್ ಚಾಪೆ ಹಾಸಿ, ತಲೆಗೆ ಶಾಂಪೂ ಬಳಸಿದೆ. ಸೀಗೆಯ ವಾಸನೆಯಿಲ್ಲದ ದೀಪಾವಳಿ ಮನಸ್ಸಿಗೆ ಕೊರಗೇ ಆಗಿತ್ತು.

ಜೂನ್, ಜುಲೈಯ ಮಳೆಗಾಲದಲ್ಲಿ ಬೂಷ್ಟು ಬಿಡುವುದಿಲ್ಲ. ಸ್ನಾನ ಮುಗಿದೊಡನೆ ಗೋಡೆಗೆ ತಣ್ಣೀರು ಸುರಿದು ಒರೆಸಿ, ಫ್ಯಾನನ್ನು ಆರಿಸಲೇಬೇಡಿ.

ಕೈಕಾಲು ಚಾಚಿ ಮೀಯಬೇಕೆನ್ನಿಸಿದ ದಿನ ಬೀದಿಯ ಸೆಂತೋಗೆ, ಅಂದರೆ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಿ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಭಾಗಗಳಿರುತ್ತವೆ. ಬಟ್ಟೆಯೆಲ್ಲ ಕಳಚಿ, ಗಿಡ್ಡ ಮಣೆಯ ಮೇಲೆ ಕುಳಿತು, ಮೈಯುಜ್ಜಿ ಶುದ್ಧವಾಗಿ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ಕೊಳಕ್ಕೆ ಇಳಿಯಬೇಕು. ಮಣೆಯ ಮೇಲೆ ಕುಳಿತು ಬೋಗುಣಿಯಿಂದ ನೀರು ಹೊಯ್ದುಕೊಂಡಾಗ ನನಗೆ ಅಜ್ಜಿಮನೆಯ ಹಂಡೆಯ ನೀರೇ ನೆನಪಾಗಿ ಕಣ್ಣು ತುಂಬಿತ್ತು.

ಇನ್ನೊಂದು ಮಾತು. ಊರಿಗೆ ಮೂರು ನಾಲ್ಕು ವಾರ ಬಂದು ಹೋದಾಗ ತೂಬಿನ ಕೊಳವೆಯಲ್ಲಿ ನಿಂತಿರುವ ನೀರು ಆರಿ, ಚರಂಡಿಯ ವಾಸನೆ ಮನೆಯೆಲ್ಲ ತುಂಬಿರುತ್ತದೆ. ಏನೋ ಕೆಟ್ಟಿದೆ ಎಂದು ಹೆದರಬೇಡಿ. ಪೆಟ್ಟಿಗೆ ಬಿಚ್ಚುವ ಮೊದಲು ಪ್ರತಿ ತೂಬಿಗೂ ನಾಲ್ಕು ಮಗ್ ನೀರು ಸುರಿದು ಕಿಟಕಿ ತೆರೆದಿಡಿ.